ಅರಿಶಿನದ ಕೆಂಪು ಎಲ್ಲಿಗೆ ಹೋಯ್ತು?

ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ಮತ್ತು ಐದನೇ ತರಗತಿಗೆ ನಾನೇ ಮಿಸ್. ಎರಡಕ್ಕೂ ಒಂದೇ ಕೋಣೆ. ಪರಿಸರ ಅಧ್ಯಯನವೂ ನನ್ನದೇ, ಡ್ರಾಯಿಂಗೂ ನನ್ನದೇ. ಆದರೂ ವರ್ಷಗಟ್ಟಲೆ ಎರಡೂ ಬೇರೆ ಬೇರೆಯಾಗೇ ನಡೆದವು. ವಾರವೆಲ್ಲ ಪಾಠ, ಶನಿವಾರ ಚಿತ್ರ. ಬೋರ್ಡಿನ ಮೇಲೆ ನಾನು ಟೊಮ್ಯಾಟೊ ಬರೆದರೆ ಮಕ್ಕಳೂ ಅದೇ ಟೊಮ್ಯಾಟೊ ಬರೆಯುತ್ತಿದ್ದರು.

ಸುತ್ತಲಿನ ಶಾಲೆಗಳೆಲ್ಲ ಸೇರುವ ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬ ಬಂತು. ಏನಾದರೂ ಮಾಡಿ ತೋರಿಸಬೇಕಲ್ಲ, ಅರಿಶಿನದ ಹಾಳೆ ಮಾಡಿಸಿದೆ. ಅರ್ಧ ಲೋಟ ನೀರಿಗೆ ಒಂದು ದೊಡ್ಡ ಚಮಚ ಅರಿಶಿನ ಕಲಸಿ, ಡ್ರಾಯಿಂಗ್ ಹಾಳೆಗೆ ಬಳಿದು, ರಾತ್ರಿ ಒಣಗಲು ಬಿಡುವುದು. ಮಾರನೇ ದಿನ ಬೇವಿನ ಕಡ್ಡಿಗೆ ಹತ್ತಿ ಸುತ್ತಿ ಸೋಪಿನ ನೀರಲ್ಲಿ ಅದ್ದಿ ಬರೆದರೆ ಗೆರೆ ಕೆಂಪಗೆ ಮೂಡುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನೋ ಬಣ್ಣಕ್ಕೆ ಸೋಪು, ಸುಣ್ಣದಂಥ ಕ್ಷಾರ ತಾಗಿದರೆ ಕೆಂಪಾಗುತ್ತದೆ, ನಿಂಬೆರಸ ಹಾಕಿದರೆ ಮತ್ತೆ ಹಳದಿ. ಮಕ್ಕಳಿಗೆ ಇದು ಹೊಸದೇನಲ್ಲ. ಆರತಿಯ ಓಕುಳಿ ನೀರು ಆಗೋದೇ ಅರಿಶಿನ, ಸುಣ್ಣದಿಂದ ಅಲ್ವಾ?

ಸೋಪಿನ ಕೆಂಪು ನನಗೆ ಮಂಕು ಅನ್ನಿಸಿತು. ಒಬ್ಬ ಹುಡುಗನ ಅಜ್ಜಿಯ ಎಲೆಯಡಿಕೆ ಚೀಲದಿಂದ ಸುಣ್ಣ ತರಿಸಿ, ನೀರಲ್ಲಿ ಕದಡಿ, ತಿಳಿ ಬಸಿದುಕೊಂಡೆ. ಅದನ್ನು ಮಕ್ಕಳ ಕೈಗೆ ಕೊಡಲಿಲ್ಲ, ಕಣ್ಣಿಗೆ ಸಿಡಿದರೆ ಕಷ್ಟ. ಅವರು ಪೆನ್ಸಿಲ್‌ನಲ್ಲಿ ಗೆರೆ ಹಾಕಿದರು, ಸುಣ್ಣದ ನೀರು ನಾನೇ ಎಳೆದೆ. ಈಗ ನೆನೆದರೆ ಚಿತ್ರ ಅವರದೋ ನನ್ನದೋ ಅನ್ನಿಸುತ್ತದೆ. ಆವತ್ತು ಮಾತ್ರ ಕೆಂಪು ಎಷ್ಟು ಚೆನ್ನಾಗಿದೆ ಅಂತ ಬೀಗಿದೆ. ಕಿಟಕಿಗೆ ದಾರ ಕಟ್ಟಿ ಎಲ್ಲ ನೇತುಹಾಕಿದ್ದಾಯಿತು.

ಹಬ್ಬದ ಹಿಂದಿನ ದಿನ ನೋಡಿದರೆ ಚಿತ್ರವೇ ಇಲ್ಲ. ಹಾಳೆ ಮಾಸಲು ಹಳದಿಗೆ ತಿರುಗಿತ್ತು. ಸಂಜೆ ಒಬ್ಬಳೇ ಕೂತು ಕೆಂಪು ಸ್ಕೆಚ್ ಪೆನ್ನಿನಲ್ಲಿ ಎಲ್ಲ ತಿದ್ದಿದೆ. ಹಬ್ಬದಲ್ಲಿ ಎಲ್ಲರೂ ಹೊಗಳಿದರು. ನಾನೂ ಸುಮ್ನೆ ಹೊಗಳಿಸಿಕೊಂಡೆ.

ಮಕ್ಕಳು ಮಾತ್ರ ಬಿಡಲಿಲ್ಲ. ಮನೆಮಾತು ತೆಲುಗಿನ ಹುಡುಗಿಯೊಬ್ಬಳು ಹಾಳೆ ಹಿಡಿದು ಬಂದಳು. "ಯಾಡಿಕಿ ಪಾಯ ಮಿಸ್?" ಎಲ್ಲಿಗೆ ಹೋಯ್ತು ಅಂತ. ತಿದ್ದಿದ್ದು ನಾನೇ ಅಂತ ಒಪ್ಪಿಕೊಂಡೆ. ಆಮೇಲೆ, ಎಲ್ಲಿಗೆ ಹೋಗಿರಬಹುದು ಅಂತ ಅವರನ್ನೇ ಕೇಳಿದೆ. ಬಿಸಿಲು ಕುಡಿದುಬಿಡ್ತು ಅಂದರು ಕೆಲವರು. ಗಾಳಿ ಅಂದರು ಇನ್ನು ಕೆಲವರು. ಸುಣ್ಣ ಕಲಬೆರಕೆ ಅಂತ ಒಬ್ಬ. ಅಜ್ಜಿಯ ಮೊಮ್ಮಗನಿಗೆ ಅದಕ್ಕೆ ಸಿಟ್ಟು ಬಂತು.

ಹೊಸ ಹಾಳೆಗಳಲ್ಲಿ ಚಿತ್ರ ಬರೆದು ಮೂರು ಗುಂಪು ಮಾಡಿದೆವು. ಒಂದು ಕಿಟಕಿಯ ಬಿಸಿಲಿಗೆ. ಒಂದು ಬೀರುವಿನ ಕತ್ತಲಿಗೆ. ಇನ್ನೊಂದು ಗಾಳಿಯಾಡದಂತೆ ಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅದೇ ಬೀರುವಿಗೆ. ದಿನಾ ಪ್ರಾರ್ಥನೆ ಮುಗಿದ ಮೇಲೆ ನೋಡಿ, ಅವತ್ತಿನ ಬಣ್ಣವನ್ನು ಕ್ರೇಯಾನ್ಸ್ ಬೆರೆಸಿ ಪುಸ್ತಕದಲ್ಲಿ ಬಳಿಯಬೇಕು. ಚಿತ್ರದ ಕೆಲಸ ನಿಜವಾಗಿ ಶುರುವಾಗಿದ್ದು ಇಲ್ಲಿ. ಹಳದಿ ಅಂತ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ, ನಿನ್ನೆಯ ಹಳದಿಗಿಂತ ಇವತ್ತಿನದು ಎಷ್ಟು ತೆಳು ಅಂತ ಬಣ್ಣದಲ್ಲೇ ತೋರಿಸಬೇಕು. ಯಾವಾಗಲೂ ಗೆರೆ ದಾಟಿ ಬಣ್ಣ ಬಳಿಯುತ್ತಾನೆ ಅಂತ ನಾನು ಬೈಯುತ್ತಿದ್ದ ಹುಡುಗನ ಪುಟವೇ ಎಲ್ಲಕ್ಕಿಂತ ಸರಿಯಾಗಿತ್ತು. ಒಂದೊಂದು ದಿನಕ್ಕೂ ಬೇರೆ ಬಣ್ಣ ಬೆರೆಸಿದ್ದ.

ಕತ್ತಲಲ್ಲಿದ್ದದ್ದೂ ಹಳದಿಯಾಯಿತು. ಬಿಸಿಲಿನವರು ಸೋತೆವು ಅಂದುಕೊಂಡರು. ಕವರಿನ ಒಳಗಿನದು ಮಾತ್ರ ಜಾಸ್ತಿ ದಿನ ಕೆಂಪಗಿತ್ತು. ಆಗ ತೆಲುಗಿನ ಹುಡುಗಿ, ಹಳದಿಯಾದ ಹಾಳೆಗೆ ಮತ್ತೆ ಸುಣ್ಣ ಹಚ್ಚಿ ಮಿಸ್ ಅಂದಳು. ಇದು ನನಗೆ ಹೊಳೆದಿರಲಿಲ್ಲ. ಬೀರುವಿನ ಹಾಳೆಗೆ ಹಚ್ಚಿದೆ, ಕೆಂಪು ವಾಪಸ್ ಬಂತು. ಬಿಸಿಲಿನ ಹಾಳೆಗೆ ಹಚ್ಚಿದರೆ ಸ್ವಲ್ಪ ಗುಲಾಬಿ ಬಂತು ಅಷ್ಟೇ.

ಅಂದರೆ ಕಳ್ಳರು ಇಬ್ಬರು. ಗಾಳಿಯ ಇಂಗಾಲದ ಡೈಆಕ್ಸೈಡ್ ಸುಣ್ಣವನ್ನು ಮೆಲ್ಲಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡುತ್ತದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಹೀಗೇ. ಕ್ಷಾರ ಹೋದರೆ ಕೆಂಪೂ ಹೋಯಿತು, ಆದರೆ ಅರಿಶಿನ ಅಲ್ಲೇ ಇರುತ್ತದೆ. ಬಿಸಿಲು ಹಾಗಲ್ಲ, ಅರಿಶಿನದ ಬಣ್ಣವನ್ನೇ ಕೆಡಿಸುತ್ತದೆ. ಕೆಂಪಾಗಲು ಅಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಈಗ ಪ್ರಾಜೆಕ್ಟ್ ಮಾಡಿಸುವಾಗ ಮುಗಿದ ಮಾದರಿಯನ್ನು ಮೊದಲೇ ತೋರಿಸುವುದಿಲ್ಲ. ಹಬ್ಬಕ್ಕೆ ಅಂತ ತಿದ್ದುವುದೂ ಇಲ್ಲ, ಮಾಸಿದ ಹಾಳೆಯನ್ನೇ ಪಕ್ಕದಲ್ಲಿ ದಿನಗಳ ಬಣ್ಣದ ಪಟ್ಟಿ ಸಮೇತ ತೂಗುಹಾಕುತ್ತೇವೆ. ಕಡ್ಡಿ ಮಕ್ಕಳ ಕೈಯಲ್ಲೇ, ಅದ್ದುವುದು ಸೋಪಿನ ನೀರಿನಲ್ಲಿ. ಮಂಕಾದರೆ ಆಗಲಿ.

ಒಂದು ವಿಷಯ ಹೇಳಲು ಮರೆತೆ. ಮೊದಲ ದಿನವೇ ಒಬ್ಬ ಹುಡುಗನ ತಾಯಿ ಯೂನಿಫಾರ್ಮ್ ಹಿಡಿದು ಬಂದಿದ್ದರು. "ನೋಡಿ ಮಿಸ್, ಅರಿಶಿನದ ಕಲೆಗೆ ಸೋಪ್ ಹಾಕಿದ್ರೆ ಇನ್ನೂ ಕೆಂಪಾಯ್ತು." ನಾನು ಗಾಬರಿಯಲ್ಲಿ ಕ್ಷಮೆ ಕೇಳುತ್ತಲೇ ಇದ್ದೆ. ಅವರೇ ನಕ್ಕು, "ಇರಲಿ ಬಿಡಿ, ಎರಡು ದಿನ ಬಿಸಿಲಿಗೆ ಹಾಕಿದ್ರೆ ಹೋಗುತ್ತೆ" ಅಂದು ಹೊರಟುಹೋಗಿದ್ದರು.