ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆ ಸಿಕ್ಕಂತೆಯೇ?

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ತಳದಲ್ಲಿ ಹವಸುಪೈ ಎಂಬ ಪುಟ್ಟ ಸಮುದಾಯವಿದೆ. ಅವರಲ್ಲಿ ಸಕ್ಕರೆ ಕಾಯಿಲೆ ವಿಪರೀತ. ಅದರ ಕಾರಣ ಹುಡುಕುತ್ತೇವೆಂದು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 1990ರಿಂದ ಅವರ ರಕ್ತ ಸಂಗ್ರಹಿಸಿದರು. ಅದೇ ರಕ್ತ ಆಮೇಲೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಅಧ್ಯಯನಕ್ಕೂ ಪೂರ್ವಜರ ವಲಸೆಯ ಅಧ್ಯಯನಕ್ಕೂ ಹೋಯಿತು. ತಮ್ಮ ಕುಲ ಹುಟ್ಟಿದ್ದೇ ಆ ಕಣಿವೆಯಲ್ಲಿ ಎಂದು ನಂಬಿದವರು ಅವರು; ವಲಸೆಯ ಮಾತು ಆ ನಂಬಿಕೆಗೇ ಪೆಟ್ಟು. 2003ರಲ್ಲಿ ವಿಷಯ ಹೊರಬಿತ್ತು, ಮರುವರ್ಷ ಕೇಸು, 2010ರಲ್ಲಿ ರಾಜಿ: 41 ಮಂದಿಗೆ ಒಟ್ಟು 7 ಲಕ್ಷ ಡಾಲರ್, ಉಳಿದ ರಕ್ತ ವಾಪಸು.

ಸಹಿ ಇರಲಿಲ್ಲವೇ ಎಂದರೆ, ಇತ್ತು. ಫಾರಂನಲ್ಲಿ ‘ನಡವಳಿಕೆಯ ಹಾಗೂ ವೈದ್ಯಕೀಯ ತೊಂದರೆಗಳು’ ಎಂದು ಅಗಲವಾಗಿ ಬರೆದಿತ್ತು. ಜನರ ಕಿವಿಗೆ ಬಿದ್ದದ್ದು ಸಕ್ಕರೆ ಕಾಯಿಲೆ ಮಾತ್ರ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿಗೋ (ಪುಟ್ಟ ಊರು) ನಾಗರಹೊಳೆ ಅಂಚಿನ ಜೇನುಕುರುಬರ ಹಾಡಿಗೋ ಪ್ರಶ್ನಾವಳಿ ಹಿಡಿದು ಹೊರಡುವವರು ಎಡವುವುದೂ ಇಲ್ಲೇ. ‘ಸಂಶೋಧನೆಗೆ ಒಪ್ಪಿದ್ದೇನೆ’ ಎಂಬ ಒಂದೇ ಸಾಲಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಾರೆ. ಅದನ್ನು ಒಡೆಯಬೇಕು: ಮಾತಾಡಲು, ದನಿ ಮುದ್ರಿಸಲು, ಫೋಟೋ ತೆಗೆಯಲು, ಮಾಹಿತಿಯನ್ನು ಮುಂದೆ ಬೇರೆ ಕೆಲಸಕ್ಕೆ ಬಳಸಲು. ನಾಲ್ಕಕ್ಕೂ ಬೇರೆಬೇರೆ ಹೌದು, ಇಲ್ಲ. ಓದಲು ಬಾರದವರಾದರೆ ತಂಡಕ್ಕೆ ಸೇರದ, ಓದುಬರಹ ಬಲ್ಲ ಸಾಕ್ಷಿಯೊಬ್ಬರು ಹತ್ತಿರ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಎಲ್ಲ ವಿವರಿಸಿದ ಮೇಲೆ ‘ಅರ್ಥವಾಯ್ತಾ?’ ಎಂದು ಕೇಳಬೇಡಿ, ಹೂಂ ಅಂದೇ ಅನ್ನುತ್ತಾರೆ. ‘ನಾವು ಯಾಕೆ ಬಂದಿದ್ದೀವಿ ಅಂತ ಮನೆಯವರಿಗೆ ಹೇಗೆ ಹೇಳ್ತೀರಿ?’ ಎಂದು ಕೇಳಿ. ಉತ್ತರದಲ್ಲಿ ‘ಮನೆ ಕೊಡ್ಸೋಕೆ’, ‘ಪಟ್ಟಾ ಕೊಡ್ಸೋಕೆ’ ಎಂದು ಬಂದರೆ ಮತ್ತೆ ಮೊದಲಿಂದ ಹೇಳಿ.

ಹಾಡಿಯ ಯಜಮಾನರ ಒಪ್ಪಿಗೆ ಮೊದಲು ಬೇಕು, ಸರಿ. ಆದರೆ ಅದು ಊರೊಳಗೆ ಕಾಲಿಡಲು ಮಾತ್ರ. ಅವರೆದುರಿಗೇ ಸೊಸೆಯನ್ನು ಕೇಳಿದರೆ ಆಕೆ ಬೇಡವೆನ್ನುವುದಾದರೂ ಹೇಗೆ? ಇನ್ನು ಫಾರೆಸ್ಟ್ ಗಾರ್ಡ್ ಜತೆ ಜೀಪಿನಲ್ಲಿ ಇಳಿದರಂತೂ ಅವತ್ತಿನ ಉತ್ತರಗಳನ್ನೆಲ್ಲ ಬಿಸಾಕಬಹುದು. ಭಾಷೆ ಬಲ್ಲ ಅದೇ ಹಾಡಿಯ ಹುಡುಗನನ್ನು ದುಭಾಷಿ ಮಾಡಿಕೊಳ್ಳುವುದು ಸಲೀಸು. ಆದರೆ ಸಾಲ, ಕುಡಿತ, ಗರ್ಭಪಾತದ ಮಾತನ್ನು ಪಕ್ಕದ ಮನೆಯವನ ಮುಂದೆ ಯಾರು ಆಡುತ್ತಾರೆ?

ಹೆಸರು ಬದಲಿಸಿದರೆ ಗುರುತು ಮುಚ್ಚಿತು ಎನ್ನುವುದು ಭ್ರಮೆ. ಮೂವತ್ತು ಮನೆಯ ಪೋಡಿನಲ್ಲಿ ‘42 ವರ್ಷದ ಅಂಗನವಾಡಿ ಸಹಾಯಕಿ’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತು. ಪೋಡಿನ ಬದಲು ತಾಲ್ಲೂಕು ಬರೆಯಿರಿ, ವಯಸ್ಸನ್ನು ಹತ್ತು ವರ್ಷದ ಗುಂಪಿನಲ್ಲಿ ಕೊಡಿ, ಕೆಲಸದ ಹೆಸರು ಬಿಡಿ. ಮೊಬೈಲ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿರಿ. ಇಲ್ಲದಿದ್ದರೆ ಹೆಜ್ಜೇನಿನ ಮರದ ಫೋಟೋ ಜತೆಗೇ ಅದರ ಜಾಗವೂ ಹೋಗುತ್ತದೆ. ಅಭಯಾರಣ್ಯದೊಳಗಿನ ಮರವಾದರೆ, ಅಲ್ಲಿ ಜೇನು ತೆಗೆದೆವೆಂದು ಹೇಳಿದವರ ಮೇಲೆ ಕೇಸು ಹಾಕಲು ನಿಮ್ಮ ವರದಿಯೇ ಪುರಾವೆಯಾದೀತು.