ತರಕಾರಿ ಕ್ರೇಟ್‌ಗೆ ಆರ್‌ಎಫ್‌ಐಡಿ ಟ್ಯಾಗ್: ಪ್ರಾಜೆಕ್ಟ್ ಎಲ್ಲಿಗೆ ಬಂತು

ಆರ್‌ಎಫ್‌ಐಡಿ ಟ್ಯಾಗ್ ಅಂದರೆ ರೇಡಿಯೋ ಅಲೆಯಲ್ಲಿ ಓದಬಹುದಾದ ಗುರುತಿನ ಚೀಟಿ. ಅದನ್ನು ತರಕಾರಿ ಕ್ರೇಟ್‌ಗಳಿಗೆ ಹಾಕಿ ಲೆಕ್ಕ ಇಡೋದು ಈ ಪ್ರಾಜೆಕ್ಟ್. ಮೊದಲು ಸದ್ಯದ ಸ್ಥಿತಿ ಹೇಳಿಬಿಡ್ತೀನಿ. ಖಾಲಿ ಕ್ರೇಟ್‌ಗಳನ್ನು ತೂಕದ ಯಂತ್ರದ ಮೇಲೆ ಜೋಡಿಸಿದ ತಕ್ಷಣ ಅವು ತಾವಾಗಿಯೇ ಲೆಕ್ಕಕ್ಕೆ ಬೀಳುತ್ತಿವೆ. ತುಂಬಿದ ಕ್ರೇಟ್ ಬಹುಪಾಲು ಸರಿಹೋಗಿದೆ. ಟೊಮೆಟೊ ಮಾತ್ರ ಇನ್ನೂ ಆಟ ಆಡಿಸುತ್ತಿದೆ.

ಗೊತ್ತಿಲ್ಲದವರಿಗೆ ಹಿನ್ನೆಲೆ: ನಮ್ಮ ಭಾವ ಪಾಂಡವಪುರದ ಕಡೆ ರೈತರಿಂದ ತರಕಾರಿ ಎತ್ತಿ ಮೈಸೂರಿನ ಬಂಡೀಪಾಳ್ಯ ಮಾರುಕಟ್ಟೆಗೂ ಒಂದಷ್ಟು ಹೋಟೆಲ್‌ಗಳಿಗೂ ಕಳಿಸುತ್ತಾರೆ. ಪ್ಲಾಸ್ಟಿಕ್ ಕ್ರೇಟ್ ಎಲ್ಲಾ ಅವರದ್ದೇ. ಅದು ಖಾಲಿಯಾಗಿ ರೈತರ ಹೊಲಕ್ಕೆ ಹೋಗುತ್ತದೆ, ತುಂಬಿಕೊಂಡು ಶೆಡ್‌ಗೆ ಬರುತ್ತದೆ, ಅಲ್ಲಿಂದ ಏಸ್ ಗಾಡಿಯಲ್ಲಿ ಮೈಸೂರಿಗೆ, ಮತ್ತೆ ಖಾಲಿಯಾಗಿ ವಾಪಸ್. ವಾಪಸ್ ಬರುವಾಗ ಪ್ರತಿ ಸಲ ನಾಲ್ಕೈದು ಕಮ್ಮಿ. ಗುಮಾಸ್ತರ ಪುಸ್ತಕದಲ್ಲಿ ಎಷ್ಟು ಹೋಯಿತು ಅಂತ ಇರುತ್ತದೆ, ಆದರೆ ಯಾವ ಕ್ರೇಟ್ ಎಲ್ಲಿ ಉಳಿಯಿತು ಅಂತ ಇರಲ್ಲ. ಹಾಗಾಗಿ ಮೈಸೂರಿನ ಅಂಗಡಿಯವರ ಜೊತೆ ಫೋನಲ್ಲಿ ಜಗಳ ಆಡೋದು ಭಾವನಿಗೆ ದಿನದ ಕೆಲಸದಲ್ಲಿ ಒಂದಾಗಿಹೋಗಿತ್ತು. ನಾನು ಮೈಸೂರಲ್ಲಿರೋದು, ರಜೆ ಸಿಕ್ಕಾಗ ಅಲ್ಲಿಗೆ ಹೋಗಿ ಇದನ್ನು ಕಟ್ಟುತ್ತಿದ್ದೇನೆ.

ಕ್ಯೂಆರ್ ಸ್ಟಿಕ್ಕರ್ ಯಾಕಾಗಬಾರದು ಅಂತ ತುಂಬಾ ಜನ ಕೇಳಿದ್ದೀರಿ. ಹೊಲದ ಕೆಸರು ಮೆತ್ತಿಕೊಂಡ ಕ್ರೇಟ್ ಮೇಲೆ ಕ್ಯೂಆರ್ ಕಾಣಿಸಲ್ಲ, ಕಂಡರೂ ಒಂದೊಂದಕ್ಕೂ ಫೋನ್ ಹಿಡಿಯಬೇಕು, ಬೆಳಗಿನ ಜಾವದ ಲೋಡಿನ ಅವಸರದಲ್ಲಿ ಆ ಕೆಲಸ ಯಾರೂ ಮಾಡಲ್ಲ. ರೇಡಿಯೋ ಆದರೆ ಒಣಗಿದ ಕೆಸರಿನ ಹಿಂದಿದ್ದರೂ ಓದುತ್ತದೆ, ಒಟ್ಟಿಗೆ ಹತ್ತಾರು ಓದುತ್ತದೆ.

ಆರ್‌ಎಫ್‌ಐಡಿಯಲ್ಲಿ ಬೇರೆ ಬೇರೆ ಜಾತಿ ಇವೆ. ಆಫೀಸಿನ ಬಾಗಿಲಿಗೆ ತೋರಿಸುವ ಕಾರ್ಡು 125 ಕಿಲೋಹರ್ಟ್ಸ್ ಅಥವಾ 13.56 ಮೆಗಾಹರ್ಟ್ಸ್, ಹತ್ತಿರ ಹಿಡಿದರಷ್ಟೇ ಓದೋದು. ದೂರದಿಂದ ಓದಬೇಕು ಅಂದರೆ ಯುಎಚ್‌ಎಫ್, ಅಂದರೆ ಅದಕ್ಕಿಂತ ತುಂಬಾ ಹೆಚ್ಚಿನ ಕಂಪನದ ಅಲೆ. ನಮ್ಮ ದೇಶದಲ್ಲಿ ಇದಕ್ಕೆ 2005ರಲ್ಲೇ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿದ್ದಾರೆ, ಟ್ರಾನ್ಸ್‌ಮಿಟರ್ 1 ವ್ಯಾಟ್ ಮೀರಬಾರದು ಅನ್ನೋ ಷರತ್ತಿನ ಮೇಲೆ. ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ಆನ್‌ಲೈನಲ್ಲಿ ಸಿಗುವ ಎಷ್ಟೋ ಮಾಡ್ಯೂಲ್‌ಗಳು ಅಮೆರಿಕದ 902ರಿಂದ 928ಕ್ಕೆ ಸೆಟ್ ಆಗಿ ಬರುತ್ತವೆ. ಬಂದ ಕೂಡಲೇ ರೀಜನ್ (ಯಾವ ದೇಶದ ಅಲೆ ಪಟ್ಟಿ ಅನ್ನೋ ಸೆಟ್ಟಿಂಗ್) ಬದಲಾಯಿಸಿ. ಅದು ಕಾನೂನಿನ ಮಾತೂ ಹೌದು, ಅಕ್ಕಪಕ್ಕದವರ ಮೊಬೈಲ್ ಸಿಗ್ನಲ್ ಕೆಡಿಸಬಾರದು ಅನ್ನೋ ಮರ್ಯಾದೆಯೂ ಹೌದು.

ನನ್ನ ಹತ್ತಿರ ಇರೋದು ಆರ್200 ಚಿಪ್ಪಿನ ಅಗ್ಗದ ರೀಡರ್ ಮಾಡ್ಯೂಲ್, ಜೊತೆಗೆ ಅದನ್ನು ನಡೆಸೋಕೆ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು. ಮಾಡ್ಯೂಲ್ ಜೊತೆ ಮಾತಾಡೋದು ಸುಲಭ. ಔಟ್‌ಪುಟ್ 26 ಡಿಬಿಎಂ, ಅಂದರೆ 0.4 ವ್ಯಾಟ್ ಹತ್ತಿರ ಹತ್ತಿರ. ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ. ರೀಡರ್ ಕಳಿಸಿದ ಅಲೆಯಿಂದಲೇ ಅದು ಮೈಕ್ರೋವ್ಯಾಟ್ ಲೆಕ್ಕದಲ್ಲಿ ಕರೆಂಟು ಹೀರಿಕೊಂಡು, ತನ್ನ ನಂಬರನ್ನು ಅದೇ ಅಲೆಯ ಮೇಲೆ ಹೊರಿಸಿ ವಾಪಸ್ ಕಳಿಸುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸೋಜಿಗವೇ.

ಈಗ ರಗಳೆಯ ಭಾಗ.

ತಕ್ಕಡಿಯ ಪಕ್ಕ ಕಂಬಕ್ಕೆ ಆಂಟೆನಾ ಕಟ್ಟಿ, ಖಾಲಿ ಕ್ರೇಟ್ ಐದೈದು ಪೇರಿಸಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಮಧ್ಯದ ಒಂದು ಕ್ರೇಟ್ ಏನು ಮಾಡಿದರೂ ಓದುತ್ತಿರಲಿಲ್ಲ. ಟ್ಯಾಗ್ ಕೆಟ್ಟಿದೆಯಾ ಅಂತ ತೆಗೆದು ಕೈಯಲ್ಲಿ ಹಿಡಿದರೆ ಸರಿಯಾಗಿ ಓದುತ್ತದೆ. ಪೂರ್ತಿ ಪೇರಿಕೆಯನ್ನು ನಾಲ್ಕು ಬೆರಳಿನಷ್ಟು ಆಚೆ ಸರಿಸಿದರೆ ಅದೂ ಓದುತ್ತದೆ, ಆದರೆ ಈಗ ಮೇಲಿನದು ಮಾಯ! ಕಾರಣ ತಕ್ಕಡಿಯ ಕಬ್ಬಿಣದ ತಟ್ಟೆ. 866 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 34.6 ಸೆಂಟಿಮೀಟರ್. ನೇರವಾಗಿ ಬಂದ ಅಲೆ, ತಟ್ಟೆಗೆ ತಾಕಿ ಹಿಂದಿರುಗಿದ ಅಲೆ ಎರಡೂ ಸೇರಿ ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಆ ಜಾಗದಲ್ಲಿ ಟ್ಯಾಗ್ ಸಿಕ್ಕಿಕೊಂಡರೆ ಅದಕ್ಕೆ ಕರೆಂಟೇ ಇಲ್ಲ. ಕಾಲು ಅಲೆಯಷ್ಟು, ಅಂದರೆ ಎಂಟೊಂಬತ್ತು ಸೆಂಟಿಮೀಟರ್ ಸರಿದರೆ ಕತ್ತಲಿದ್ದ ಕಡೆ ಬೆಳಕು. ಪವರ್ ಜಾಸ್ತಿ ಮಾಡಿದರೆ ಇದು ಹೋಗಲ್ಲ. ಬೇರೆ ಎತ್ತರದಲ್ಲಿ, ಬೇರೆ ಕೋನದಲ್ಲಿ ಎರಡನೇ ಆಂಟೆನಾ ಹಾಕಿ, ಎರಡೂ ಒಂದಾದ ಮೇಲೊಂದು ಚಾಲೂ ಆಗುವಂತೆ ಮಾಡಿದೆ. ಒಂದಕ್ಕೆ ಕತ್ತಲಾದ ಜಾಗ ಇನ್ನೊಂದಕ್ಕೆ ಕಾಣುತ್ತದೆ. ಎರಡೂ ಸರ್ಕ್ಯುಲರ್ ಪೋಲರೈಸೇಶನ್ ಇರೋವೇ ಬೇಕು, ಅಂದರೆ ಟ್ಯಾಗ್ ಅಡ್ಡ ಇದ್ದರೂ ಉದ್ದ ಇದ್ದರೂ ಓದುವಂಥವು, ಯಾಕಂದರೆ ಕ್ರೇಟನ್ನು ಯಾರು ಹೇಗೆ ತಿರುಗಿಸಿ ಇಡ್ತಾರೋ ಹೇಳಕ್ಕಾಗಲ್ಲ.

ಇನ್ನು ನೀರು. ಯುಎಚ್‌ಎಫ್ ಅಲೆಗೆ ಲೋಹ ಒಂದು ಶತ್ರುವಾದರೆ ನೀರು ಇನ್ನೊಂದು. ಲೋಹ ಒದ್ದು ಕಳಿಸುತ್ತದೆ, ನೀರು ನುಂಗಿಹಾಕುತ್ತದೆ. ತೊಳೆದು ನೀರು ಸೋರುತ್ತಿರುವ ಕ್ರೇಟ್ ಸರಿಯಾಗಿ ಓದಲ್ಲ, ಒಣಗಿದ ಮೇಲೆ ಓದುತ್ತದೆ. ಸರಿ, ಒಣಗಿದ ಮೇಲೆ ಓದಿಸಿದರಾಯಿತು. ಆದರೆ ಟೊಮೆಟೊ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿ ನೀರೇ ಅಲ್ವಾ? ಅದನ್ನು ಒಣಗಿಸಕ್ಕಾಗಲ್ಲ. ಟ್ಯಾಗ್ ಆಚೆ ಬದಿಗಿದ್ದರೆ ಮಧ್ಯೆ ಇಪ್ಪತ್ತು ಕೆಜಿ ನೀರಿನ ಗೋಡೆ ನಿಂತ ಹಾಗೆ. ಬೀನ್ಸ್, ಮೆಣಸಿನಕಾಯಿ ಅಷ್ಟು ಕಾಡಲ್ಲ, ಅವುಗಳ ನಡುವೆ ಗಾಳಿ ಆಡಲು ಜಾಗ ಇರುತ್ತದೆ.

ಇದಕ್ಕೆ ಮಾಡಿದ್ದು ಮೂರು ಬದಲಾವಣೆ. ಅಂಟಿಸುವ ತೆಳು ಟ್ಯಾಗ್ ಬಿಟ್ಟು, ಒಳಗೆ ಸ್ವಲ್ಪ ಗಾಳಿ ಇರುವ ಗಟ್ಟಿ ಪ್ಲಾಸ್ಟಿಕ್ ಕವಚದ ಟ್ಯಾಗ್ ತರಿಸಿದೆ. ಅದನ್ನು ಕ್ರೇಟಿನ ಹಿಡಿಯ ಕೆಳಗೆ ಅಲ್ಲ, ಮೇಲಂಚಿಗೆ ರಿವೆಟ್ ಹೊಡೆದು ಕೂರಿಸಿದೆ, ತರಕಾರಿ ಮಟ್ಟಕ್ಕಿಂತ ಮೇಲೆ. ಮೂರನೆಯದು ಹೊಳೆದದ್ದು ನನಗಲ್ಲ, ಲೋಡ್ ಮಾಡುವ ಅಣ್ಣನಿಗೆ. ಟ್ಯಾಗ್ ಇರುವ ಬದಿಗೆ ಒಂದು ಪಟ್ಟಿ ಹಳದಿ ಪೇಂಟ್ ಬಳಿದುಬಿಡಿ, ನಾವು ಹಳದಿಯನ್ನು ಕಂಬದ ಕಡೆಗೇ ಇಡ್ತೀವಿ ಅಂದರು. ಎರಡೂ ಬದಿಗೆ ಟ್ಯಾಗ್ ಹಾಕುವ ಖರ್ಚು ಒಂದು ಡಬ್ಬಿ ಪೇಂಟಲ್ಲಿ ಉಳಿಯಿತು. ಈಗ ತಪ್ಪೋದು ಟೊಮೆಟೊ ಲೋಡಿನಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ.

ಇನ್ನೊಂದು ತಮಾಷೆ. ಏಸ್ ಗಾಡಿ ಹಿಂದಕ್ಕೆ ಬಂದು ನಿಂತಾಗಲೆಲ್ಲ ಓದಿದ ಟ್ಯಾಗ್‌ಗಳ ಪಟ್ಟಿಯಲ್ಲಿ 34ರಿಂದ ಶುರುವಾಗುವ ಒಂದು ಉದ್ದ ನಂಬರ್ ಪ್ರತ್ಯಕ್ಷ ಆಗುತ್ತಿತ್ತು. ನೋಡಿದರೆ ಅದು ಗಾಡಿಯ ಗಾಜಿನ ಮೇಲಿನ ಫಾಸ್ಟ್ಯಾಗ್! ಗಣಂಗೂರು ಟೋಲಿನಲ್ಲಿ ಓದೋದೂ ಇದೇ ಯುಎಚ್‌ಎಫ್, ಟ್ಯಾಗ್ ಮತ್ತು ರೀಡರ್ ಮಾತಾಡಿಕೊಳ್ಳುವ ಇದೇ ಇಪಿಸಿ ಜೆನ್2 ಪದ್ಧತಿ. ಡ್ರೈವರ್‌ಗೆ ಹೇಳಿದ್ದೇ ತಡ ಗಾಬರಿ: "ಅಣ್ಣೋ, ನಿಮ್ ಡಬ್ಬ ಓದಿದ್ರೆ ನಮ್ ದುಡ್ ಕಟ್ ಆಯ್ತದಾ?" 2022ರಲ್ಲಿ ಹುಡುಗನೊಬ್ಬ ಗಾಜು ಒರೆಸುತ್ತಾ ವಾಚಿನಿಂದ ಫಾಸ್ಟ್ಯಾಗ್ ದುಡ್ಡು ಕದಿಯುವ ವಿಡಿಯೋ ಓಡಾಡಿತ್ತಲ್ಲ, ಅದು ತಲೆಯಲ್ಲಿ ಕೂತಿದೆ. ಆ ವಿಡಿಯೋ ಸುಳ್ಳು. ಟ್ಯಾಗಿನಲ್ಲಿರೋದು ಗುರುತಿನ ನಂಬರ್, ದುಡ್ಡಲ್ಲ. ನೋಂದಾಯಿಸಿದ ಟೋಲ್, ಪಾರ್ಕಿಂಗ್ ಇಂಥವರ ಬ್ಯಾಂಕಿನ ಮೂಲಕ ಬೇಡಿಕೆ ಹೋದರಷ್ಟೇ ಹಣ ಕಟ್ ಆಗೋದು. ಇಷ್ಟು ಹೇಳಿದ ಮೇಲೂ ಅವರು ಬ್ಯಾಲೆನ್ಸ್ ನೋಡಿಕೊಂಡೇ ಹೊರಟರು.

ಆದರೆ ಅದರಿಂದ ಒಂದು ಲಾಭ ಆಯಿತು. ಭಾವನ ಸ್ವಂತ ಗಾಡಿಗಳ ಫಾಸ್ಟ್ಯಾಗ್ ನಂಬರನ್ನು ಪಟ್ಟಿಗೆ ಸೇರಿಸಿಕೊಂಡೆ. ಈಗ ಯಾವ ಗಾಡಿಗೆ ಲೋಡ್ ಆಯಿತು ಅನ್ನೋದು ಯಾರೂ ಬರೆಯದೆಯೇ ಗೊತ್ತಾಗುತ್ತದೆ. ಬೇರೆಯವರ ಗಾಡಿ ನಂಬರ್ ಬಂದರೆ ಉಳಿಸಿಕೊಳ್ಳದೆ ಬಿಸಾಕುತ್ತೇನೆ, ನನಗೆ ಅದು ಬೇಡ. ನಮ್ಮ ಕ್ರೇಟ್ ಟ್ಯಾಗ್‌ಗಳ 96 ಬಿಟ್ ನಂಬರನ್ನೂ ಹೊಸದಾಗಿ ಬರೆದು, ಮುಂದೆ ನಮ್ಮದೇ ಗುರುತು ಹಾಕಿದ್ದೇನೆ. ಹೊಸ ಶರ್ಟಿನ ಕಾಲರಿನಲ್ಲಿ ಬರುವ ಅಂಗಡಿ ಟ್ಯಾಗ್ ಕೂಡ ಲೆಕ್ಕಕ್ಕೆ ಸೇರಿದರೆ ಕಷ್ಟ.

ಕ್ರೇಟ್ ಹೊರಗೆ ಹೋಯಿತಾ ಒಳಗೆ ಬಂತಾ ಅಂತ ಯಂತ್ರಕ್ಕೆ ತಿಳಿಸೋದು ಓದಿಸೋದಕ್ಕಿಂತ ದೊಡ್ಡ ತಲೆನೋವು. ಶೆಡ್ ಚಿಕ್ಕದು, ಎಲ್ಲ ಒಂದೇ ಬಾಗಿಲಲ್ಲಿ. ದೊಡ್ಡ ಗೋದಾಮಿನ ಹಾಗೆ ಕಮಾನು ಕಟ್ಟಿ ದಿಕ್ಕು ಹಿಡಿಯೋ ಯೋಚನೆ ಕೈಬಿಟ್ಟೆ. ಬದಲಿಗೆ ಪ್ರತಿ ರೈತರಿಗೆ, ಪ್ರತಿ ಅಂಗಡಿಗೆ ಒಂದು 13.56 ಮೆಗಾಹರ್ಟ್ಸ್ ಕಾರ್ಡ್ ಮಾಡಿ, ಹೆಸರು ಬರೆದು ಮೊಳೆಗೆ ನೇತುಹಾಕಿದ್ದೇವೆ. ಗುಮಾಸ್ತರು ಕಾರ್ಡ್ ತಾಗಿಸುತ್ತಾರೆ, ಹಸಿರು ಗುಂಡಿ ಒತ್ತಿದರೆ ಹೊರಗೆ, ಕೆಂಪು ಒತ್ತಿದರೆ ಒಳಗೆ. ಆಮೇಲೆ ತಕ್ಕಡಿ ಮೇಲೆ ಬಂದದ್ದೆಲ್ಲ ಆ ಹೆಸರಿಗೆ. ಮೇಲ್ಗಡೆ ದೊಡ್ಡ ಅಂಕಿಯಲ್ಲಿ ಎಣಿಕೆ ಕಾಣಿಸುತ್ತದೆ, ಕಣ್ಣಲ್ಲಿ ಎಣಿಸಿದ್ದಕ್ಕೆ ತಾಳೆ ಆಗದಿದ್ದರೆ ಅಲ್ಲೇ ಮತ್ತೆ ನೋಡೋದು. ಪುಸ್ತಕ ಇನ್ನೂ ನಿಲ್ಲಿಸಿಲ್ಲ, ನಿಲ್ಲಿಸೋ ಆಲೋಚನೆಯೂ ಇಲ್ಲ. ಕರೆಂಟು ಹೋದಾಗ ಅದೇ ಗತಿ. ಡೇಟಾ ಮೊದಲು ಮೆಮೊರಿ ಕಾರ್ಡಿಗೆ, ನೆಟ್ ಸಿಕ್ಕಾಗ ಗೂಗಲ್ ಶೀಟ್‌ಗೆ.

ರೈತರ ಹೊಲದಲ್ಲೂ ಒಂದೊಂದು ರೀಡರ್ ಇಡಬಹುದಲ್ಲ ಅಂತ ಒಬ್ಬ ಗೆಳೆಯ ಹೇಳಿದ. ಬೇಡ. ಅಮೆರಿಕದ ಅಂಗಡಿ ಸರಣಿ ವಾಲ್‌ಮಾರ್ಟ್ 2003ರಲ್ಲಿ ತನ್ನ ದೊಡ್ಡ 100 ಸರಬರಾಜುದಾರರಿಗೆ 2005ರ ಜನವರಿಯಿಂದ ಪೆಟ್ಟಿಗೆಗಳಿಗೆ ಟ್ಯಾಗ್ ಹಾಕಲೇಬೇಕು ಅಂದಿತ್ತು. ಎಷ್ಟೋ ಜನ ಸುಮ್ನೆ ಲಾರಿ ಹತ್ತಿಸುವ ಮುಂಚೆ ಟ್ಯಾಗ್ ಮೆತ್ತಿ ಕಳಿಸಿ ಕೈ ತೊಳೆದುಕೊಂಡರು. ಖರ್ಚು ಅವರದ್ದು, ಲಾಭ ಇನ್ನೊಬ್ಬರದ್ದು ಆದರೆ ಯಾರು ತಾನೇ ಮನಸ್ಸಿಟ್ಟು ಮಾಡ್ತಾರೆ? ಕ್ರೇಟ್ ಭಾವನದ್ದು, ಹಾಗಾಗಿ ಕೆಲಸವೂ ಭಾವನ ಶೆಡ್ಡಲ್ಲೇ ಆಗಬೇಕು. ರೈತರಾಗಲಿ ಅಂಗಡಿಯವರಾಗಲಿ ಹೊಸದಾಗಿ ಏನೂ ಮಾಡೋ ಹಾಗಿರಬಾರದು. ಟ್ಯಾಗ್ ಇರೋದು ಗೊತ್ತಿದ್ದರೆ ಸಾಕು.

ಇಷ್ಟರಲ್ಲಿ ಶೀಟ್ ಏನು ಹೇಳ್ತಿದೆ ಅಂದರೆ, ಕ್ರೇಟ್ ಜಾಸ್ತಿ ದಿನ ಕೂತಿರೋದು ಮೈಸೂರಿನ ಅಂಗಡಿಗಳಲ್ಲಿ ಅಲ್ಲವೇ ಅಲ್ಲ. ಅಲ್ಲಿಂದ ಹೆಚ್ಚಿನವು ಬೇಗ ವಾಪಸ್ ಬರುತ್ತಿವೆ. ಕೂತಿರೋದು ನಮ್ಮ ಕಡೆಯ ಹೊಲಗಳಲ್ಲಿ. ಕಟಾವು ಮುಗಿದರೂ ಖಾಲಿ ಕ್ರೇಟ್ ಅಲ್ಲೇ ಉಳಿದಿರುತ್ತದೆ. ಭಾವ ನಂಬಲಿಲ್ಲ. "ಯಂತ್ರ ಹೇಳಿದ್ದೆಲ್ಲ ನಿಜ ಆಗ್ಬಿಡುತ್ತೇನಪ್ಪ?" ಅಂತ ನನ್ನನ್ನೇ ಬೈಕ್ ಹತ್ತಿಸಿಕೊಂಡು ಹೊರಟರು. ಮೊದಲ ಮನೆಯಲ್ಲೇ ಹಳದಿ ಪಟ್ಟಿಯ ಕ್ರೇಟ್ ಬೋರಲು ಬಿದ್ದಿತ್ತು, ಕೆಳಗೆ ಕೋಳಿ ಮರಿ. ಇನ್ನೊಂದು ಬಚ್ಚಲ ಪಕ್ಕ ಕೂರೋಕೆ ಹಾಕಿಕೊಂಡಿದ್ದರು. ಮನೆಯವರು ಸಂಕೋಚಪಟ್ಟುಕೊಂಡು ಕಾಫಿ ಕೊಟ್ಟರು, ಭಾವನೂ ಕೋಳಿ ಕ್ರೇಟನ್ನು ಕೇಳಲಿಲ್ಲ.

ಈಗ ಭಾವನಿಗೆ ಕ್ರೇಟಿಗೆ ಇಷ್ಟು ಅಂತ ಅಡ್ವಾನ್ಸ್ ಹಿಡಿಯಬೇಕು ಅನ್ನಿಸಿದೆ. ನನ್ನ ಪ್ರಕಾರ ಅದಕ್ಕಿಂತ, ಎರಡು ವಾರ ದಾಟಿದ ಕ್ರೇಟ್‌ಗಳ ಪಟ್ಟಿಯನ್ನು ಶನಿವಾರ ಡ್ರೈವರ್‌ಗೆ ಕೊಟ್ಟರೆ ಸಾಕು, ಹೇಗಿದ್ದರೂ ಆ ದಾರಿಯಲ್ಲೇ ಗಾಡಿ ಹೋಗುತ್ತದೆ. ಸದ್ಯಕ್ಕೆ ನನ್ನ ಮಾತು ನಡೆದಿದೆ. ಪಟ್ಟಿ ಡ್ರೈವರ್ ವಾಟ್ಸಾಪ್‌ಗೆ ತಾನಾಗಿ ಹೋಗುವಂತೆ ಮಾಡುತ್ತಿದ್ದೇನೆ. ಆಮೇಲೆ ಟೊಮೆಟೊಗೆ ಇನ್ನೊಂದು ಉಪಾಯ ಇದೆ, ಮೂರನೇ ಆಂಟೆನಾ ಛಾವಣಿಯಿಂದ ಕೆಳಮುಖವಾಗಿ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ, ಹಾಗಾಗಿ ರೀಡರನ್ನೇ ಮೇಲಕ್ಕೆ ಏರಿಸಬೇಕು. ಶೆಡ್ಡಿನ ಛಾವಣಿಯ ಕೆಳಗೆ ಮಧ್ಯಾಹ್ನದ ಕಾವಿಗೆ ಮಾಡ್ಯೂಲ್ ತಡೆಯುತ್ತಾ ಅಂತ ಮೊದಲು ನೋಡಬೇಕು. ಯಾರಾದರೂ ಈ ಚಿಪ್ಪನ್ನು ಅಂಥ ಕಡೆ ಓಡಿಸಿದ್ದರೆ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಎಷ್ಟು ದೊಡ್ಡದು ಹಾಕಿದ್ರಿ ಹೇಳಿ.