ನೀರು ತೆಗೆದಾದ ಮೇಲಿನ ಒಂದು ಗಂಟೆ

ಎದೆಯೊಳಗೆ ಶ್ವಾಸಕೋಶದ ಸುತ್ತ ತುಂಬಿದ ನೀರನ್ನು ಸೂಜಿ ಹಾಕಿ ತೆಗೆದ ಕೂಡಲೇ "ಆಯ್ತಲ್ವಾ ಸಿಸ್ಟರ್, ಇನ್ನು ಮನೆಗೆ ಕರ್ಕೊಂಡು ಹೋಗಬಹುದಾ?" ಅಂತ ಮನೆಯವರು ಕೇಳುತ್ತಾರೆ. ನಮ್ಮ ಕೆಲಸ ಶುರುವಾಗುವುದೇ ಆಗ.

ಮೊನ್ನೆ ಟಿಬಿಯಿಂದ ನೀರು ತುಂಬಿದ್ದ ಒಬ್ಬ ಅಜ್ಜನಿಗೆ 1 ಲೀಟರಿಗಿಂತ ಸ್ವಲ್ಪ ಜಾಸ್ತಿ ತೆಗೆದರು. ಸಾಮಾನ್ಯವಾಗಿ ಒಂದೇ ಸಲಕ್ಕೆ 1.5 ಲೀಟರ್ ದಾಟುವುದಿಲ್ಲ, ಯಾಕೆಂದರೆ ಬಹಳ ದಿನ ಅದುಮಿಕೊಂಡಿದ್ದ ಶ್ವಾಸಕೋಶ ಒಮ್ಮೆಗೇ ಅರಳಿದರೆ ಅದರೊಳಗೇ ನೀರು ಊರಬಹುದು. ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ ಬಿಪಿ, ನಾಡಿ, ಆಕ್ಸಿಜನ್ ನೋಡುತ್ತೇವೆ. ಉಸಿರನ್ನು ಮಾತ್ರ ನಾನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ, ಅವರಿಗೆ ಗೊತ್ತಾಗದ ಹಾಗೆ, ನಾಡಿ ಹಿಡಿದುಕೊಂಡೇ. ಎಣಿಸ್ತಿದ್ದಾರೆ ಅಂತ ಗೊತ್ತಾದರೆ ಉಸಿರಾಟವೇ ಬದಲಾಗುತ್ತೆ.

ಸ್ವಲ್ಪ ಕೆಮ್ಮು ಬಂದರೆ ಹೆದರಬೇಡಿ, ಶ್ವಾಸಕೋಶ ಅರಳುವಾಗ ಬರುತ್ತದೆ. ಆದರೆ ಕೆಮ್ಮು ನಿಲ್ಲದಿದ್ದರೆ, ನೊರೆ ಕಫ ಬಂದರೆ, ಒಂದೇ ಕಡೆ ಚುಚ್ಚಿದ ಹಾಗೆ ನೋವಾದರೆ ತಕ್ಷಣ ಹೇಳಿ.

ಅಜ್ಜ ಏನೂ ಹೇಳಲಿಲ್ಲ. ಮೂರನೇ ಸಲ ನೋಡುವಾಗ ಆಕ್ಸಿಜನ್ 96ರಿಂದ 91ಕ್ಕೆ ಇಳಿದಿತ್ತು, ಸೂಜಿ ಹಾಕಿದ ಕಡೆ ಎದೆ ಸರಿಯಾಗಿ ಏಳುತ್ತಿರಲಿಲ್ಲ. ಡಾಕ್ಟರನ್ನು ಕರೆದೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಸುತ್ತ ಸ್ವಲ್ಪ ಗಾಳಿ ಸೇರಿದ್ದು ಕಂಡಿತು. ಆಕ್ಸಿಜನ್ ಕೊಟ್ಟು ರಾತ್ರಿಯಿಡೀ ನೋಡಿಕೊಂಡೆವು, ಆ ಗಾಳಿ ತೆಗೆಯಲು ಎದೆಗೆ ಟ್ಯೂಬ್ ಹಾಕುವಷ್ಟು ಆಗಲಿಲ್ಲ. "ಮೊದಲೇ ಯಾಕೆ ಹೇಳಲಿಲ್ಲ ಅಜ್ಜ?" ಅಂದೆ. "ನಿಮಗ್ಯಾಕೆ ಸುಮ್ನೆ ತೊಂದರೆ ಅಂತ" ಅಂದರು.

ದಯವಿಟ್ಟು ತೊಂದರೆ ಕೊಡಿ.